ಉರುಹೊಡೆಯುವುದೂ ಒಪ್ಪಿಸುವುದೂ: ಪರಭಾಷಾ ಪದಶಿಕ್ಷಣದ ಕ್ರಮಗಳನ್ನು ಕುರಿತ ಒಂದು ವಿಮರ್ಶೆ

ಪರಭಾಷೆಯೊಂದನ್ನು ಕಲಿಯಹೊರಟವನಿಗೆ ವ್ಯಾಕರಣಕ್ಕಿಂತ ಮೊದಲು ಎದುರಾಗುವ ತೊಡಕು ಪದಗಳದು. ವ್ಯಾಕರಣದ ನಿಯಮಗಳಿಗೆ ಒಂದು ಮಿತಿಯುಂಟು. ಪದಗಳಿಗೆ ಅಂಥ ಮಿತಿಯಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕನ್ನಡದಲ್ಲಿ ಓದಿ ಬಂದವರು. ಅವರು ನೋಡಬೇಕಾದ ಇತಿಹಾಸಗ್ರಂಥಗಳಾದರೋ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಆದುದರಿಂದ ಪದಗಳನ್ನು ಕಲಿಯುವ ಮತ್ತು ನೆನಪಿನಲ್ಲಿಡುವ ಕ್ರಮ ಯಾವುದೆಂಬುದು ಭಾಷಾಧ್ಯಾಪಕರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ನಾವು ಭಾಷಾಶಾಸ್ತ್ರಜ್ಞರಲ್ಲದಿದ್ದರೂ ಇದನ್ನು ವಿಮರ್ಶಿಸಲು ತೊಡಗಿರುವುದು ಈ ಕಾರಣದಿಂದ.

ಒಂದು ಉತ್ತರಪತ್ರಿಕೆಯಲ್ಲಿ ನಾವು ‘೧೭೮೯ರ ಫ್ರೆಂಚ್ ಮ್ಯೂಟಿನಿ’ ಎಂಬ ಮಾತನ್ನು ಕಂಡೆವು. ಬರೆದ ವಿದ್ಯಾರ್ಥಿ ಮಂದಮತಿಯಲ್ಲ; ಘಟನೆಗಳ ಕ್ರಮವನ್ನೂ ಕಾರಣಗಳನ್ನೂ ಸರಿಯಾಗಿಯೇ ನಿರೂಪಿಸಿದ್ದನು. ವಿಚಾರಿಸಲಾಗಿ ಅವನು ತನ್ನ ಪದಪುಸ್ತಕವನ್ನು ತೋರಿಸಿದನು. ಅದರಲ್ಲಿ ರಿವೋಲ್ಟ್, ರೆಬೆಲಿಯನ್, ಮ್ಯೂಟಿನಿ, ರೆವಲ್ಯೂಷನ್ ಎಂಬ ನಾಲ್ಕು ಪದಗಳೂ ಒಂದರ ಕೆಳಗೊಂದು ಇದ್ದು, ನಾಲ್ಕಕ್ಕೂ ‘ದಂಗೆ’ ಎಂಬ ಒಂದೇ ಅರ್ಥ ಬರೆದಿತ್ತು. ಅವನು ನಾಲ್ಕನ್ನೂ ಶ್ರದ್ಧೆಯಿಂದ ಉರುಹೊಡೆದಿದ್ದನು. ೧೮೫೭ರ ಘಟನೆಯನ್ನು ಸಿಪಾಯಿಗಳ ದಂಗೆ ಎನ್ನುವವನಿಗೂ ಸ್ವಾತಂತ್ರ್ಯಸಂಗ್ರಾಮ ಎನ್ನುವವನಿಗೂ ಇರುವ ಭೇದವೆಲ್ಲ ಪದದ ಆಯ್ಕೆಯಲ್ಲೇ ಅಡಗಿದೆಯಷ್ಟೆ. ಆ ಭೇದವನ್ನು ಕಾಣದವನು ಇತಿಹಾಸವನ್ನು ಓದಿದರೂ ಅದರ ವಿವಾದವನ್ನು ಓದಲಾರನು.

ಇಂಥ ತಪ್ಪುಗಳನ್ನು ಕಂಡಾಗ ಅಧ್ಯಾಪಕರಲ್ಲಿ ಎರಡು ಅಭಿಪ್ರಾಯಗಳು ಹೊರಡುತ್ತವೆ. ಬಾಯಿಪಾಠವೇ ಎಲ್ಲ ಅನರ್ಥಕ್ಕೂ ಮೂಲವೆಂಬುದು ಒಂದು. ಹಿಂದಿನವರಂತೆ ಬಾಯಿಪಾಠ ಮಾಡದಿರುವುದೇ ಮೂಲವೆಂಬುದು ಮತ್ತೊಂದು. ಎರಡು ಪಕ್ಷದವರೂ ಹಿಂದಿನವರ ಕ್ರಮವನ್ನು ಪರಿಶೀಲಿಸದೆ ಮಾತನಾಡುತ್ತಾರೆಂದು ನಮಗೆ ತೋರುತ್ತದೆ.

ನಮ್ಮ ನಾಡಿನಲ್ಲಿ ಮನೆಮಾತಲ್ಲದ ಭಾಷೆಯ ಪದಗಳನ್ನು ಕಲಿಸಲು ಬಹುದೀರ್ಘಕಾಲ ಬಳಕೆಯಲ್ಲಿದ್ದ ಸಾಧನ ಅಮರಕೋಶ. ಅಮರಸಿಂಹನು ಅದಕ್ಕಿಟ್ಟ ಹೆಸರು ‘ನಾಮಲಿಂಗಾನುಶಾಸನ’. ಮೂರು ಕಾಂಡಗಳು, ಸುಮಾರು ೧,೫೦೦ ಶ್ಲೋಕಗಳು. ಛಂದಸ್ಸು ಬಹುಮಟ್ಟಿಗೆ ಅನುಷ್ಟುಪ್. ಕನ್ನಡಿಗರು ಇದನ್ನು ಮೂಲದಲ್ಲಿ ಪಠಿಸಿದುದಲ್ಲದೆ ನಾಚಿರಾಜೀಯದಂತಹ ಕನ್ನಡ ಟೀಕೆಗಳನ್ನೂ ರಚಿಸಿಕೊಂಡರು. ಸಂಸ್ಕೃತ ಪದಗಳಿಗೆ ಕನ್ನಡದ ಅರ್ಥವನ್ನು ಪದ್ಯದಲ್ಲೇ ಹೇಳುವ ಎರಡನೆಯ ನಾಗವರ್ಮನ ಅಭಿಧಾನವಸ್ತುಕೋಶ, ೧೩೯೮ರಲ್ಲಿ ರಚಿತವಾದ ಮಂಗರಾಜನ ನಿಘಂಟು ಮೊದಲಾದವು ಈ ದಾರಿಯಲ್ಲಿ ಮುಂದುವರಿದವು. ಹಳಗನ್ನಡವೇ ಪರಭಾಷೆಯಷ್ಟು ದೂರವಾದಾಗ ಅದರ ಪದಗಳಿಗಾಗಿ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಯಂತಹ ಗ್ರಂಥಗಳು ಹುಟ್ಟಿದವು.

ಈ ಪದ್ಯನಿಘಂಟುಗಳನ್ನು ಬರಿಯ ಪಟ್ಟಿಗಳೆಂದು ತಿಳಿಯುವುದು ತಪ್ಪು. ಮೊದಲನೆಯದಾಗಿ, ಛಂದಸ್ಸು ಇಲ್ಲಿ ಕಾವಲುಗಾರನ ಕೆಲಸ ಮಾಡುತ್ತದೆ. ಒಂದು ಪದ ಬಿಟ್ಟುಹೋದರೆ ಪಾದ ಕುಂಟುತ್ತದೆ. ತಪ್ಪಿದ್ದೇನೆಂದು ಬಾಲಕನಿಗೆ ತಾನಾಗಿಯೇ ತಿಳಿಯುತ್ತದೆ. ಎರಡನೆಯದಾಗಿ, ಪದಗಳನ್ನು ಅಕ್ಷರಕ್ರಮದಲ್ಲಿ ಚದರಿಸದೆ ವರ್ಗಗಳಾಗಿ ಕೂಡಿಸಿದೆ: ಸ್ವರ್ಗ, ಭೂಮಿ, ಪುರ, ಶೈಲ, ವನೌಷಧಿ ಎಂಬಂತೆ. ಮೂರನೆಯದಾಗಿ, ಪದದ ಅರ್ಥದೊಡನೆ ಅದರ ಲಿಂಗವೂ ಕಲಿತುಹೋಗುವಂತೆ ಗ್ರಂಥಕಾರನು ಏರ್ಪಾಟು ಮಾಡಿದ್ದಾನೆ. ಪದದ ರೂಪದಿಂದ, ನೆರೆಯ ಪದದ ಸಾಹಚರ್ಯದಿಂದ, ಕೆಲವೆಡೆ ನೇರವಾದ ವಿಧಿಯಿಂದ ಲಿಂಗವನ್ನು ತಿಳಿಯಬೇಕೆಂದು ಆರಂಭದಲ್ಲೇ ಸೂಚಿಸಿದ್ದಾನೆ. ಪದವನ್ನು ಅದರ ಬಳಕೆಯ ಒಂದಂಶದೊಡನೆಯೇ ಕಲಿಸಬೇಕೆಂಬ ಈ ವಿವೇಕ ನಮ್ಮ ಇಂದಿನ ಪದಪುಸ್ತಕಗಳಲ್ಲಿ ವಿರಳ.

ಆದರೆ ಗ್ರಂಥಕ್ಕಿಂತ ಮುಖ್ಯವಾದುದು ಅದನ್ನು ಕಲಿಸುತ್ತಿದ್ದ ರೀತಿ. ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ: ಉರುಹೊಡೆಯುವುದು, ಒಪ್ಪಿಸುವುದು. ಉರುಹೊಡೆಯುವವನ ಮುಂದೆ ಪುಸ್ತಕ ತೆರೆದಿರುತ್ತದೆ. ಒಪ್ಪಿಸುವವನ ಮುಂದೆ ಗುರು ಕುಳಿತಿರುತ್ತಾನೆ, ಪುಸ್ತಕ ಮುಚ್ಚಿರುತ್ತದೆ. ಮೊದಲನೆಯದರಲ್ಲಿ ಪದವನ್ನು ಒಳಕ್ಕೆ ತುಂಬುವ ಯತ್ನ. ಎರಡನೆಯದರಲ್ಲಿ ಒಳಗಿದ್ದುದನ್ನು ಹೊರಕ್ಕೆ ತೆಗೆಯುವ ಯತ್ನ. ಇಂದಿನ ಪಾಠದೊಡನೆ ಹಿಂದಿನ ಪಾಠಗಳನ್ನೂ ತಿರುಗಿ ಒಪ್ಪಿಸಬೇಕೆಂಬುದು ಆ ಪದ್ಧತಿಯ ಜೀವಾಳ.

ಆಧುನಿಕ ಮನಶ್ಶಾಸ್ತ್ರವು ಇದನ್ನು ಸಮರ್ಥಿಸುತ್ತದೆ. ಜರ್ಮನಿಯ ಎಬ್ಬಿಂಗ್‌ಹೌಸನು ೧೮೮೫ರಲ್ಲಿ ತನ್ನ ಮೇಲೆಯೇ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ಮರೆವು ಮೊದಲು ಬಹುವೇಗವಾಗಿಯೂ ಅನಂತರ ನಿಧಾನವಾಗಿಯೂ ಸಾಗುತ್ತದೆಂದು ತೋರಿಸಿದನು. ೨೦೦೮ರಲ್ಲಿ ಕಾರ್ಪಿಕ್ ಮತ್ತು ರೋಡಿಗರ್ ಎಂಬ ಅಮೆರಿಕದ ವಿದ್ವಾಂಸರು ೪೦ ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥಗಳೊಡನೆ ವಿದ್ಯಾರ್ಥಿಗಳಿಗೆ ಕಲಿಸಿದರು. ಒಮ್ಮೆ ನೆನಪಾದ ಪದವನ್ನೂ ಮತ್ತೆ ಮತ್ತೆ ಕೇಳಿಸಿಕೊಂಡ ಗುಂಪುಗಳು ವಾರದ ಬಳಿಕ ನೂರಕ್ಕೆ ಸುಮಾರು ೮೦ ಪದಗಳನ್ನು ಹೇಳಿದವು. ಅಂಥ ಪದವನ್ನು ಮತ್ತೆ ಕೇಳದೆ ಬಿಟ್ಟ ಗುಂಪುಗಳು ಹೇಳಿದುದು ಸುಮಾರು ೩೫ರಷ್ಟು ಮಾತ್ರ. ಹೀಗೆ ಬಿಟ್ಟ ಗುಂಪುಗಳಲ್ಲಿ ಒಂದು ಆ ಪದಗಳನ್ನು ಮತ್ತೆ ಮತ್ತೆ ಓದುತ್ತಲೇ ಇತ್ತು. ಆ ಓದಿನಿಂದ ಹೇಳಿಕೊಳ್ಳುವಂಥ ಲಾಭವೇನೂ ಆಗಲಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಉಳಿಸಿದುದು ಒಪ್ಪಿಸುವಿಕೆ.

ಇಷ್ಟು ಹೇಳಿದ ಮೇಲೆ ಹಳೆಯ ಕ್ರಮದ ದೋಷಗಳನ್ನೂ ಮುಚ್ಚಿಡಲಾಗದು. ಅಮರಕೋಶ ಆರಂಭವಾಗುವುದೇ ಸ್ವರ್ಗಕ್ಕೆ ಒಂಬತ್ತು ಹೆಸರುಗಳೊಡನೆ. ಕಾವ್ಯ ಕಟ್ಟುವವನಿಗೆ, ಛಂದಸ್ಸಿಗೆ ಹೊಂದುವ ಪರ್ಯಾಯಪದ ಬೇಕಾದವನಿಗೆ, ಇದು ಉಪಕಾರಿ. ಭಾಷೆಯನ್ನು ಹೊಸದಾಗಿ ಕಲಿಯುವವನಿಗೆ ಹೊರೆ. ಒಂದೇ ವರ್ಗದ ಹೊಸಪದಗಳನ್ನು ಒಟ್ಟಿಗೆ ಕಲಿತರೆ ಅವು ಒಂದರೊಡನೊಂದು ಕಲಸಿಕೊಂಡು ಕಲಿಕೆ ನಿಧಾನವಾಗುತ್ತದೆಂದು ಟಿಂಕಮ್ ಎಂಬವರು ೧೯೯೩ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಎರಡನೆಯ ದೋಷ, ಪದ್ಯದ ಸರಪಣಿ. ನಡುವಿನ ಒಂದು ಪದ ಬೇಕಾದರೆ ಶ್ಲೋಕವನ್ನು ತಲೆಯಿಂದ ಹೇಳಿಕೊಂಡು ಬರಬೇಕು; ಮಾತನಾಡುವವನಿಗೆ ಅಷ್ಟು ಬಿಡುವು ಇರುವುದಿಲ್ಲ. ಮೂರನೆಯದು, ಕೋಶದಲ್ಲಿ ವಾಕ್ಯವಿಲ್ಲ. ಈ ಕೊರತೆಯನ್ನು ಮುಂದೆ ರಘುವಂಶಾದಿ ಕಾವ್ಯಗಳ ಪಾಠ ತುಂಬಿಕೊಡುತ್ತಿತ್ತು. ಕೋಶದಲ್ಲೇ ನಿಂತವನಿಗೆ ತುಂಬಲಿಲ್ಲ. ಕೊನೆಯದಾಗಿ, ಈ ಶಿಕ್ಷಣ ಬಹುಮಟ್ಟಿಗೆ ಅಗ್ರಹಾರ ಮತ್ತು ಮಠಗಳ ಹುಡುಗರಿಗೆ ಮೀಸಲಾಗಿತ್ತು. ಹೊರಗಿದ್ದವರೇ ಬಹುಸಂಖ್ಯಾತರು. ಹಿಂದಿನವರ ಜ್ಞಾಪಕಶಕ್ತಿಯನ್ನು ಹೊಗಳುವವರು ಇದನ್ನು ಮರೆಯಬಾರದು.

ಈಗ ನಮ್ಮ ವಿದ್ಯಾರ್ಥಿಯ ಪದಪುಸ್ತಕಕ್ಕೆ ಮರಳೋಣ. ಅದು ಹಳೆಯ ಕ್ರಮದ ಮುಂದುವರಿಕೆಯೆಂದು ಕೆಲವರು ತಿಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಹಳೆಯದರ ದೋಷಗಳನ್ನು ಮಾತ್ರ ಉಳಿಸಿಕೊಂಡಿದೆ. ಸಮಾನಾರ್ಥಕಗಳ ರಾಶಿ ಉಳಿದಿದೆ, ಛಂದಸ್ಸು ಹೋಗಿದೆ. ಉರುಹೊಡೆಯುವುದು ಉಳಿದಿದೆ, ಒಪ್ಪಿಸುವುದು ಹೋಗಿದೆ. ಕೋಶ ಉಳಿದಿದೆ, ಅದರ ಮುಂದೆ ಬರಬೇಕಾದ ಕಾವ್ಯ ಹೋಗಿದೆ. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಮರುದಿನದವರೆಗೆ ನಿಂತೀತು, ವರ್ಷದವರೆಗೆ ನಿಲ್ಲದು.

ಹಾಗಾದರೆ ಪದವನ್ನು ಯಾವ ರೂಪದಲ್ಲಿ ಕಲಿಸಬೇಕು? ಇದಕ್ಕೆ ಉದಾಹರಣೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದೆ. ಶ್ರವಣಬೆಳಗೊಳದ ಗೊಮ್ಮಟನ ಪಾದಗಳ ಬಳಿ ಪುಟ್ಟ ಶಾಸನಗಳಿವೆ. ವಿಗ್ರಹವನ್ನು ಚಾವುಂಡರಾಯನು ಮಾಡಿಸಿದನೆಂಬ ಒಂದೇ ಸಂಗತಿಯನ್ನು ಅವು ಮೂರು ಭಾಷೆಗಳಲ್ಲಿ ಹೇಳುತ್ತವೆ. ಕನ್ನಡದಲ್ಲಿ ‘ಮಾಡಿಸಿದಂ’, ತಮಿಳಿನಲ್ಲಿ ‘ಶೆಯ್ವಿತ್ತಾನ್’, ಮರಾಠಿಯಲ್ಲಿ ‘ಕರವಿಯಲೆಂ’. ಇವೆಲ್ಲ ಒಂದೇ ಕಾಲದಲ್ಲಿ ಕೊರೆದವೆಂಬುದು ನಮ್ಮ ವಾದವಲ್ಲ. ಭಾಷೆ ಕಲಿಸಲೆಂದು ಕೊರೆದವೂ ಅಲ್ಲ. ಆದರೆ ಕನ್ನಡವನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ಇವನ್ನು ತೋರಿಸಿದರೆ ಅವನು ಮಿಕ್ಕ ಎರಡನ್ನು ತಾನೇ ಬಿಡಿಸಿಕೊಳ್ಳುತ್ತಾನೆ. ಹೆಸರು ಅವನಿಗೆ ಗೊತ್ತು, ಸಂಗತಿ ಗೊತ್ತು. ಗೊತ್ತಿಲ್ಲದುದು ಒಂದೇ ಪದ. ಮುಂದೆ ಹನ್ನೆರಡನೆಯ ಶತಮಾನದ ಆರಂಭದಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಮಾಡಿಸಿದಾಗ, ಕನ್ನಡದಲ್ಲೂ ಮರಾಠಿಯಲ್ಲೂ ಅದೇ ಕ್ರಿಯಾಪದ ಮತ್ತೆ ಬರುತ್ತದೆ. ಕರ್ತೃ ಬೇರೆ, ಕರ್ಮ ಬೇರೆ, ಕ್ರಿಯೆ ಮಾತ್ರ ಹಳೆಯದು. ‘ಸುತ್ತಾಲಯ’ವು ಮರಾಠಿ ವಾಕ್ಯದಲ್ಲಿ ‘ಸುತ್ತಾಲೆ’ ಎಂದು ಸೇರಿಕೊಂಡಿರುವುದನ್ನೂ ಕಾಣಬಹುದು. ತಿಳಿದ ಸಂಗತಿಯ ನಡುವೆ ಒಂದು ಹೊಸಪದ, ಮತ್ತು ಅದೇ ಪದ ಬೇರೊಂದು ವಾಕ್ಯದಲ್ಲಿ ಮರಳಿ ಬರುವುದು: ಇವೆರಡೂ ಪದಪುಸ್ತಕದಲ್ಲಿ ಇಲ್ಲ.

ಇದಕ್ಕೆ ನಮ್ಮ ಸುತ್ತಲೇ ಬೇರೆ ನಿದರ್ಶನಗಳೂ ಉಂಟು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಬಸವಾಪಟ್ಟಣಗಳ ಸಂಕೇತಿ ಮನೆಗಳಲ್ಲಿ ತಮಿಳು–ಮಲಯಾಳಗಳಿಗೆ ಸಮೀಪವಾದ ಸಂಕೇತಿ ಮಾತು. ಹೊಸಿಲು ದಾಟಿದರೆ ಕನ್ನಡ. ಆ ಮಕ್ಕಳು ಕನ್ನಡವನ್ನು ಯಾವ ಪಟ್ಟಿಯಿಂದಲೂ ಕಲಿತವರಲ್ಲ. ಬಳಕೆಯೇ ಅವರಿಗೆ ದಿನವೂ ಒಪ್ಪಿಸಿಕೊಳ್ಳುವ ಗುರು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದಿಂದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು ಶಾಂಕರಭಾಷ್ಯಗಳನ್ನು ಮೂಲದೊಡನೆ ಕನ್ನಡ ಅನುವಾದ ಸೇರಿಸಿ ಪ್ರಕಟಿಸಿದರು. ಅವನ್ನು ಓದುವವನಿಗೆ ಪದದ ಅರ್ಥವೂ ಅದು ವಾಕ್ಯದಲ್ಲಿ ನಿಂತಿರುವ ರೀತಿಯೂ ಒಟ್ಟಿಗೆ ದೊರೆಯುತ್ತವೆ.

ಬಳಕೆಯೊಂದೇ ಸಾಕೆಂದು ಇದರಿಂದ ತೀರ್ಮಾನಿಸಬಹುದೆ? ಸಾಲದು. ಸಂಕೇತಿ ಮಗುವಿಗೆ ಕನ್ನಡ ದಿನವಿಡೀ ಕಿವಿಗೆ ಬೀಳುತ್ತದೆ. ನಮ್ಮ ವಿದ್ಯಾರ್ಥಿಗೆ ಇಂಗ್ಲಿಷ್ ಬೀಳುವುದು ತರಗತಿಯಲ್ಲಿ, ಅದೂ ಅಧ್ಯಾಪಕರ ಬಾಯಿಂದ. ಬಳಕೆ ಕಡಮೆಯಿರುವ ಕಡೆ ಅದರ ಸ್ಥಾನವನ್ನು ಕ್ರಮಬದ್ಧವಾದ ಒಪ್ಪಿಸುವಿಕೆಯೇ ತುಂಬಬೇಕು. ಬಾಯಿಪಾಠವನ್ನು ಹಳಿಯುವವರು ಇದನ್ನು ಗಮನಿಸಬೇಕು.

ನಾವು ಸೂಚಿಸುವುದು ಇಷ್ಟೆ. ಒಂದು ಅಧ್ಯಾಯಕ್ಕೆ ಎಂಟು ಹತ್ತು ಪದಗಳಿಗಿಂತ ಹೆಚ್ಚು ಕೊಡಬಾರದು. ಸಮಾನಾರ್ಥಕಗಳನ್ನು ಒಂದೇ ದಿನ ಕೊಡಬಾರದು: ‘ರೆವಲ್ಯೂಷನ್’ ಫ್ರಾನ್ಸಿನ ಪಾಠದಲ್ಲಿ ನೆಲೆಗೊಂಡ ಮೇಲೆ ‘ಮ್ಯೂಟಿನಿ’ ೧೮೫೭ರ ಪಾಠದಲ್ಲಿ ಬರಲಿ, ಆಗ ಎರಡರ ಭೇದವನ್ನು ವಿದ್ಯಾರ್ಥಿಯೇ ಹೇಳಲಿ. ಪ್ರತಿ ಪದವನ್ನೂ ಓದಿದ ಪುಟದ ವಾಕ್ಯದೊಡನೆ ಬರೆದುಕೊಳ್ಳಲಿ. ಮರುದಿನ, ವಾರದ ಬಳಿಕ, ತಿಂಗಳ ಬಳಿಕ ಪುಸ್ತಕ ಮುಚ್ಚಿ ಒಪ್ಪಿಸಲಿ. ಗುರುವಿಗೆ ಬಿಡುವಿಲ್ಲದಿದ್ದರೆ ಜೊತೆಗಾರನಿಗೆ ಒಪ್ಪಿಸಲಿ. ಇದಕ್ಕೆ ತರಗತಿಯ ಮೊದಲ ಐದು ನಿಮಿಷ ಸಾಕು.

ಈ ಕ್ರಮವನ್ನು ನಾವು ನಮ್ಮ ತರಗತಿಯಲ್ಲಿ ಆರಂಭಿಸಿದ್ದೇವೆ; ಫಲವನ್ನು ಅಂಕಿಗಳಲ್ಲಿ ಹೇಳುವಷ್ಟು ಕಾಲ ಇನ್ನೂ ಸಂದಿಲ್ಲ. ಮೇಲೆ ಹೇಳಿದ ವಿದ್ಯಾರ್ಥಿ ಮಾತ್ರ ಈಚೆಗೆ ಒಂದು ದಿನ, ೧೮೫೭ನ್ನು ‘ಮ್ಯೂಟಿನಿ’ ಎಂದು ಬರೆದ ಗ್ರಂಥವೊಂದನ್ನು ತೆರೆದುಕೊಂಡು ಬಂದು, ಆ ಪದವನ್ನು ಗ್ರಂಥಕಾರನು ಏಕೆ ಆರಿಸಿಕೊಂಡನೆಂದು ಕೇಳಿದನು. ಉಳಿದ ಕಾಲೇಜುಗಳ ಅಧ್ಯಾಪಕಮಿತ್ರರೂ ಈ ಕ್ರಮವನ್ನು ಪರೀಕ್ಷಿಸಿ, ತಮ್ಮ ಅನುಭವವನ್ನೂ ಭಿನ್ನಾಭಿಪ್ರಾಯವನ್ನೂ ಇದೇ ಸಂಚಿಕೆಗಳಲ್ಲಿ ತಿಳಿಸಿದರೆ ಉಪಕಾರವಾದೀತು.