ಹುಯಿಲಗೋಳರ ಒಂದು ಹಾಡು

ಒಂದು ಕೃತಿಯ ಕೀರ್ತಿಯು ಕವಿಯ ಉಳಿದ ಕೃತಿಗಳನ್ನೆಲ್ಲ ಮರೆಯಿಸಿಬಿಡುವದು ಸಾಹಿತ್ಯದಲ್ಲಿ ಹೊಸ ಸಂಗತಿಯಲ್ಲ. ಸಂಸ್ಕೃತದ ಸುಭಾಷಿತ ಸಂಗ್ರಹಗಳಲ್ಲಿ ಒಂದೇ ಮುಕ್ತಕದಿಂದ ಬದುಕಿರುವ ಕವಿಗಳು ಅನೇಕರುಂಟು. ಗಂಟೆಯ ಒಂದು ಉಪಮೆಗಾಗಿ ಮಾಘನು ‘ಘಂಟಾಮಾಘ’ನೆನಿಸಿದನು, ಪುಣ್ಯವಶದಿಂದ ಅವನ ಮಹಾಕಾವ್ಯವೂ ಉಳಿಯಿತು. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿಯಂತೂ, ಎರಡು ಮೂರು ವರುಷ ಬಾಳಿ ಒಡೆದುಹೋದ ತಂಡಗಳು ಒಂದೇ ಹಾಡಿನ ಬಲದಿಂದ ಜನರ ನೆನಪಿನಲ್ಲಿರುವವು. ಗದುಗಿನಲ್ಲಿ ಈ ಭಾಗ್ಯವು, ಅಥವಾ ದುರ್ಭಾಗ್ಯವು, ಹುಯಿಲಗೋಳ ನಾರಾಯಣರಾಯರ ಪಾಲಿಗೆ ಬಂದಿತು.

1884ರಲ್ಲಿ ಜನಿಸಿ 1971ರಲ್ಲಿ ತೀರಿಕೊಂಡ ರಾಯರು ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ನಾಟಕಕಾರರು. ‘ಅಜ್ಞಾತವಾಸ’, ‘ಉತ್ತರಗೋಗ್ರಹಣ’, ‘ಕುಮಾರರಾಮ ಚರಿತ’, ‘ಪತಿತೋದ್ಧಾರ’ ಮೊದಲಾದ ನಾಟಕಗಳನ್ನು ರಚಿಸಿದವರು. ಆದರೆ ಶಾಲೆಯ ಮಕ್ಕಳಿಗೂ ಗೊತ್ತಿರುವದು ‘ಉದಯವಾಗಲಿ’ ಎಂಬ ಹಾಡೊಂದೇ. 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾಂವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಕೂಡಿದ ಕಾಲಕ್ಕೆ ಅದನ್ನು ಹಾಡಲಾಯಿತು. ಆಗ ಕನ್ನಡಿಗರು ಮುಂಬಯಿ, ಮದರಾಸು, ನಿಜಾಮ, ಮೈಸೂರು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು.

ಈ ಹಾಡಿನ ಜೀವವು ಅದರ ಮೊದಲ ಕ್ರಿಯಾಪದದಲ್ಲಿದೆ. ಅದು ವರ್ಣನೆಯಲ್ಲ, ಘೋಷಣೆಯಲ್ಲ; ಆಶೀರ್ವಾದ. ಕಾವ್ಯದ ಆರಂಭವು ಆಶೀಸ್ಸಿನಿಂದಾಗಬಹುದೆಂದು ದಂಡಿಯು ವಿಧಿಸಿರುವನು. ನಾಟಕಕ್ಕಾದರೋ ನಾಂದಿಯು ಬೇಕೇ ಬೇಕು. ನಾಟಕಕಾರನಾದ ಕವಿಯು ಏಕೀಕರಣವೆಂಬ ದೊಡ್ಡ ನಾಟಕಕ್ಕೆ ಬರೆದ ನಾಂದಿಯಿದೆಂದು ತಿಳಿದರೆ, ಇದರ ಗುಣದೋಷಗಳೆರಡೂ ಸ್ಪಷ್ಟವಾಗುವವು. ಪರಶುರಾಮನ ತಾಯಿ, ಕಡಲು ಹಾರಿದ ಹನುಮಂತ, ಮಿತಾಕ್ಷರ, ಜಕ್ಕಣ ಎಂದು ಹೆಸರುಗಳು ಸಾಲುಗಟ್ಟಿ ಬರುವವು. ಒಂದೊಂದೂ ಚಿತ್ರವಾಗಿ ಅರಳುವದಿಲ್ಲ. ‘ನಾಡು’ ಎಂಬ ಶಬ್ದವು ಪದೇ ಪದೇ ಬಂದು ಏಕಾಂತದಲ್ಲಿ ಓದುವವನಿಗೆ ಬೇಸರವನ್ನೂ ತರಬಹುದು. ಮೇಳದಲ್ಲಿ ಹಾಡುವಾಗ ಮಾತ್ರ ಆ ಶಬ್ದವೇ ಆಧಾರಸ್ತಂಭ: ಪದ್ಯ ಬಾರದವನೂ ಚರಣದ ಕೊನೆಗೆ ದನಿಗೂಡಿಸಬಲ್ಲನು. ಸಭೆಯ ಕಿವಿಯನ್ನು ಬಲ್ಲ ರಂಗಕರ್ಮಿಯ ಕೈ ಇಲ್ಲಿ ಕಾಣುವದು. ದ್ವಿತೀಯಾಕ್ಷರ ಪ್ರಾಸವನ್ನೂ ಅವರು ಬಿಡಲಿಲ್ಲ. ಕೊನೆಯ ನುಡಿಯಲ್ಲಿ ನಾಲ್ಕು ಚರಣಗಳಿಗೂ ವಕಾರವೇ ಎರಡನೆಯ ಅಕ್ಷರ. ಆದರೂ ಪ್ರಾಸಕ್ಕಾಗಿ ತುರುಕಿದ ಶಬ್ದವೆಂದು ಯಾವುದನ್ನೂ ತೋರಿಸಲು ಬಾರದು.

ಆ ನುಡಿಯನ್ನು ಇನ್ನಷ್ಟು ನೋಡಬೇಕು. ಕೃಷ್ಣೆ, ಭೀಮೆ, ಕಾವೇರಿಯರೊಡನೆ ಗೋದಾವರಿಯೂ ಅಲ್ಲಿ ಬರುವಳು. ಕವಿಯ ಕಣ್ಣ ಮುಂದಿದ್ದುದು ಕವಿರಾಜಮಾರ್ಗವು ಹೇಳಿದ ಹಳೆಯ ಎಲ್ಲೆ. 1956ರ ನವೆಂಬರ 1ರಂದು ರೂಪುಗೊಂಡ ರಾಜ್ಯದೊಳಗೆ ಗೋದಾವರಿಯು ಹರಿಯುವದಿಲ್ಲ. ಆದುದರಿಂದ ಆಶಯವು ಕೈಗೂಡಿದ ಮೇಲೆ ಹಾಡಿನ ಪ್ರಯೋಜನ ತೀರಿತೆಂಬ ವಾದವು ಪೂರ್ತಿಯಾಗಿ ನಿಲ್ಲದು. ಕುವೆಂಪು ಅವರ ಗೀತೆಗೆ 2004ರಲ್ಲಿ ನಾಡಗೀತೆಯ ಪದವಿ ಬಂದ ಬಳಿಕವೂ ಜನರು ಇದನ್ನು ಬಿಟ್ಟುಕೊಟ್ಟಿಲ್ಲ.

ನದಿಗಳ ನಂತರ ಹಾಡು ನಿಲ್ಲುವದು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ. ಇದು ಕುಮಾರವ್ಯಾಸನ ಅಂಕಿತ. ನಾರಾಯಣರಾಯರ ಹೆಸರೂ ಅದರೊಳಗೆ ಅಡಗಿದೆ. ಸಮಯ ಸಾಲದೆಂದು ಸಭೆಗಳಲ್ಲಿ ಈ ನುಡಿಯನ್ನು ಕೈಬಿಟ್ಟರೆ ಊರನ್ನೂ ಕವಿಯನ್ನೂ ಒಟ್ಟಿಗೆ ಅಳಿಸಿದಂತೆಯೇ ಸರಿ.

ಅದೇ ಕುಮಾರವ್ಯಾಸನ ವಿರಾಟಪರ್ವದ ಕಥೆಯನ್ನೇ ರಾಯರು ತಮ್ಮ ಎರಡು ನಾಟಕಗಳಿಗೆ ಆಯ್ದುಕೊಂಡರೆಂಬುದು ಹಾಡನ್ನು ಮೆಚ್ಚುವ ಎಷ್ಟು ಜನರಿಗೆ ತಿಳಿದಿದೆ? ನಾಂದಿಯನ್ನು ಪ್ರತಿವರುಷ ಹಾಡಿ, ನಾಟಕಗಳನ್ನು ಕಪಾಟಿನಲ್ಲಿಡುವದು ಕವಿಗೆ ಸಲ್ಲುವ ಗೌರವವಲ್ಲ. ಗದಗ-ಬೆಟಗೇರಿಯ ಹವ್ಯಾಸಿಗಳು ‘ಉತ್ತರಗೋಗ್ರಹಣ’ವನ್ನಾದರೂ ಒಮ್ಮೆ ಆಡಬೇಕು. ಇಂದಿನ ಪ್ರೇಕ್ಷಕರಿಗೆ ಅದು ಒಗ್ಗುವದೋ ಇಲ್ಲವೋ ಎಂಬುದು ರಂಗದ ಮೇಲೆಯೇ ತೀರ್ಮಾನವಾಗಬೇಕಾದ ಮಾತು.