ಬೆವರಿನ ಕೀರ್ತಿಯೂ ಬುದ್ಧಿಯ ಬೆಳವಣಿಗೆಯೂ

ಒಂದು ಪಕ್ಕದಲ್ಲಿ ಕೈಗಾರಿಕಾ ಪ್ರದೇಶದ ಪಾಳಿಗಳೂ ಮತ್ತೊಂದು ಪಕ್ಕದಲ್ಲಿ ಇನ್ಫೋಸಿಸ್ ಸಂಸ್ಥೆಯ ವಿಶಾಲವಾದ ತರಬೇತಿ ಕೇಂದ್ರವೂ ಇರುವ ಮೈಸೂರಿನ ಹೂಟಗಳ್ಳಿಯಲ್ಲಿ, ದೇಹವನ್ನು ದುಡಿಸಿ ಬಾಳುವ ತರುಣರೂ ಬುದ್ಧಿಯನ್ನು ದುಡಿಸಲು ಸಿದ್ಧರಾಗುತ್ತಿರುವ ತರುಣರೂ ಒಂದೇ ರಸ್ತೆಯಲ್ಲಿ ಸಂಧಿಸುವುದರಿಂದ, ವ್ಯಾಯಾಮಕ್ಕೂ ವಿಚಾರಶಕ್ತಿಗೂ ಉಳ್ಳ ಸಂಬಂಧವು ಪಂಡಿತರ ಜಿಜ್ಞಾಸೆಯಾಗಿ ಮಾತ್ರ ಉಳಿಯದೆ ನಿತ್ಯದ ಪ್ರಶ್ನೆಯಾಗಿದೆ. ಜಿಮ್ಮಿನಲ್ಲಿ ಏದುಸಿರು ಬರುವಷ್ಟು ಶ್ರಮಿಸಿದರೆ ಓದಿದುದೆಲ್ಲ ತಲೆಗೆ ಹತ್ತುವುದೆಂಬ ನಂಬಿಕೆಯು ಈಗ ಶಾಸ್ತ್ರವಾಕ್ಯದ ಪ್ರತಿಷ್ಠೆಯನ್ನು ಪಡೆದಿದೆ. ಈ ಕೀರ್ತಿಯು ಅದರ ಅರ್ಹತೆಯನ್ನು ಮೀರಿದುದೆಂಬುದೇ ನನ್ನ ಅಭಿಪ್ರಾಯ.

ವ್ಯಾಯಾಮವು ಹಿತಕರವೆಂದು ಮೈಸೂರಿನವರಿಗೆ ಹೊಸದಾಗಿ ಬೋಧಿಸಬೇಕಾದುದಿಲ್ಲ. ಗರಡಿಮನೆಗಳ ಮಟ್ಟಿಯೂ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಡೆಸತೊಡಗಿದ ಯೋಗಶಾಲೆಯೂ ಎಲ್ಲರೂ ಬಲ್ಲ ವಿಷಯ. ವಿಚಾರಣೆಗೆ ಒಳಪಡಿಸಬೇಕಾದುದು ಆ ಪರಂಪರೆಯನ್ನಲ್ಲ, ಈಗಿನ ಹೊಸ ವಾದವನ್ನು. ಆ ವಾದದ ಆಧಾರಸ್ತಂಭಗಳಲ್ಲೊಂದು, ಜರ್ಮನಿಯ ವಿಂಟರ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗ.

ಆ ಪ್ರಯೋಗದಲ್ಲಿ 27 ಮಂದಿ ಆರೋಗ್ಯವಂತರು ಬೇರೆ ಬೇರೆ ದಿನಗಳಲ್ಲಿ ಮೂರು ಸ್ಥಿತಿಗಳಿಗೆ ಒಳಗಾದರು: ಒಮ್ಮೆ ವಿಶ್ರಾಂತಿ, ಒಮ್ಮೆ 40 ನಿಮಿಷಗಳ ನಿಧಾನದ ಓಟ, ಒಮ್ಮೆ ತಲಾ 3 ನಿಮಿಷಗಳ ಎರಡು ತೀವ್ರ ಓಟಗಳು. ಆಮೇಲೆ ಚಿತ್ರಗಳಿಗೆ ಜೋಡಿಸಿದ ಕೃತಕ ಪದಗಳನ್ನು ಅವರು ಕಲಿಯಬೇಕಾಗಿತ್ತು. ತೀವ್ರ ಓಟದ ತರುವಾಯ ಕಲಿಕೆಯ ವೇಗವು ಶೇಕಡ 20ರಷ್ಟು ಹೆಚ್ಚಿತು. ನರಕೋಶಗಳ ಪೋಷಣೆಗೆ ನೆರವಾಗುವ ಬಿಡಿಎನ್‌ಎಫ್ ಎಂಬ ಪ್ರೋಟೀನನ್ನೂ, ಡೋಪಮೀನ್ ಮೊದಲಾದವುಗಳನ್ನೂ ರಕ್ತದಲ್ಲಿ ಅಳೆದು ಕಲಿಕೆಯೊಡನೆ ಹೋಲಿಸಲಾಯಿತು. ಒಬ್ಬನೇ ವ್ಯಕ್ತಿಯನ್ನು ಅವನೊಡನೆಯೇ ಹೋಲಿಸಿದ ಈ ಕ್ರಮವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಫಲಿತಾಂಶವು ಹೊರಬಲ್ಲ ಭಾರವೆಷ್ಟು? ಕಲಿತದ್ದು ಪದಗಳನ್ನು, ತರ್ಕವನ್ನಲ್ಲ, ಕ್ಲಿಷ್ಟವಾದ ಲೆಕ್ಕವನ್ನು ಬಿಡಿಸುವ ಯುಕ್ತಿಯನ್ನಲ್ಲ, ಎರಡು ದಾರಿಗಳೊಳಗೆ ಒಂದನ್ನು ಆರಿಸತಕ್ಕ ವಿವೇಕವನ್ನಲ್ಲ. ಸ್ಮರಣೆಯ ಒಂದು ಅಂಗಕ್ಕೆ ದೊರೆತ ಲಾಭವನ್ನು ಸಮಸ್ತ ಬುದ್ಧಿಯ ಲೆಕ್ಕಕ್ಕೆ ಬರೆಯುವುದು ಪ್ರಮಾಣಶಾಸ್ತ್ರಕ್ಕೆ ಸಮ್ಮತವಲ್ಲ. ಔಷಧದ ಪರೀಕ್ಷೆಯಲ್ಲಿ ರೋಗಿಗೆ ತಿಳಿಯದಂತೆ ಹುಸಿ ಗುಳಿಗೆಯನ್ನು ಕೊಡಬಹುದು. ಓಡಿದವನಿಗಾದರೋ ತಾನು ಓಡಿದುದು ತಿಳಿಯದಿರದು, ಆದುದರಿಂದ ಅವನ ಉತ್ಸಾಹವನ್ನೂ ನಿರೀಕ್ಷೆಯನ್ನೂ ಫಲದಿಂದ ಬೇರ್ಪಡಿಸಲಾಗದು. ಇವೆಲ್ಲಕ್ಕಿಂತ ಮುಖ್ಯವಾದುದು ಶ್ರಮದ ಅಳತೆ: ಆ ತೀವ್ರತೆಯು ಒಟ್ಟು 6 ನಿಮಿಷಗಳದು. ಹತ್ತು ಗಂಟೆಗಳ ಪಾಳಿಯನ್ನು ಮುಗಿಸಿ, ನಿದ್ದೆಗೆಟ್ಟು, ಮತ್ತೊಂದು ಗಂಟೆ ಕಬ್ಬಿಣವನ್ನೆತ್ತಿ ಪುಸ್ತಕದ ಮುಂದೆ ಕುಳಿತುಕೊಳ್ಳುವ ತರುಣನಿಗೆ ಆ 6 ನಿಮಿಷಗಳ ಸಾಕ್ಷ್ಯವು ಅನ್ವಯಿಸುವುದೆಂದು ಹೇಳುವವರು, ಪ್ರಯೋಗವನ್ನು ಓದದೆ ಅದರ ಕೀರ್ತಿಯನ್ನು ಮಾತ್ರ ಓದಿದವರು. 2012ರಲ್ಲಿ ಚಾಂಗ್ ಮತ್ತು ಸಂಗಡಿಗರು ಇಂತಹ 79 ಅಧ್ಯಯನಗಳನ್ನು ಕ್ರೋಡೀಕರಿಸಿದಾಗ, ಒಂದು ಸಲದ ವ್ಯಾಯಾಮದಿಂದ ಬುದ್ಧಿವ್ಯಾಪಾರಗಳಿಗೆ ಆಗುವ ಲಾಭವು ಇದ್ದರೂ ಅಲ್ಪವೆಂದೇ ಕಂಡುಬಂದಿತು.

ಇಲ್ಲಿ ಎದುರುಪಕ್ಷದವರು ಸ್ವೀಡನ್ನಿನ ಸಾಕ್ಷ್ಯವನ್ನು ಮುಂದಿಡುತ್ತಾರೆ. 2009ರಲ್ಲಿ ಪ್ರಕಟವಾದ ಆ ಅಧ್ಯಯನವು, ಸೇನೆಗೆ ಸೇರುವ ವಯಸ್ಸಿನ ಸುಮಾರು 12 ಲಕ್ಷ ತರುಣರಲ್ಲಿ ಹೃದಯ ಮತ್ತು ಶ್ವಾಸಕೋಶಗಳ ದಾರ್ಢ್ಯವು ಬುದ್ಧಿಪರೀಕ್ಷೆಯ ಅಂಕಗಳೊಡನೆ ಜೊತೆಗೂಡಿರುವುದನ್ನು ತೋರಿಸಿತು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಅದು ನನ್ನ ಪಕ್ಷದ ಸಾಕ್ಷ್ಯವೆಂದೇ ಭಾವಿಸುತ್ತೇನೆ. ಅಲ್ಲಿ ಅಂಕಗಳೊಡನೆ ಹೊಂದಿದುದು ಸ್ನಾಯುಬಲವಲ್ಲ, ದೀರ್ಘಶ್ವಾಸದ ಶಕ್ತಿ. ಅದು ವರ್ಷಗಳ ಅಭ್ಯಾಸದಿಂದ ಬರತಕ್ಕುದೇ ಹೊರತು ಪರೀಕ್ಷೆಯ ಮುಂಜಾನೆಯ ಆವೇಶದಿಂದಲ್ಲ.

ಇನ್ನು ಕೆಲವರು ಕೆ. ವಿ. ಅಯ್ಯರ್ ಅವರನ್ನು ನಿದರ್ಶನವಾಗಿ ಹೇಳುತ್ತಾರೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಆ ಅಂಗಸಾಧಕರೇ ‘ರೂಪದರ್ಶಿ’ಯನ್ನೂ ‘ಶಾಂತಲಾ’ವನ್ನೂ ಬರೆದರಲ್ಲವೆ ಎಂದು ಕೇಳುತ್ತಾರೆ. ಬರೆದರು, ನಿಜ, ಆದರೆ ಹೊಯ್ಸಳರ ಕಾಲವನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ ಪರಿಶ್ರಮವನ್ನು ತೋಳಿನ ಉಪಫಲವೆಂದು ಎಣಿಸುವುದು ಆ ಲೇಖಕರಿಗೆ ಎಸಗುವ ಅನ್ಯಾಯ. ಇದಕ್ಕೆ ವಿರುದ್ಧವಾಗಿ, ಪೈಲ್ವಾನನಿಗೆ ಬುದ್ಧಿ ಮಂದವೆಂದು ತೀರ್ಪು ಕೊಡುವ ವಿದ್ಯಾವಂತರದು ಇನ್ನೂ ಹೀನವಾದ ವಾದ. ಎದುರಾಳಿಯ ತೂಕ ಯಾವ ಕಾಲಿಗೆ ಬಿದ್ದಿದೆಯೆಂಬುದನ್ನು ಕ್ಷಣಾರ್ಧದಲ್ಲಿ ಗ್ರಹಿಸಿ ಪಟ್ಟನ್ನು ಬದಲಿಸುವವನ ಮನೋವ್ಯಾಪಾರವನ್ನು ಕಾಣಲಾರದವರು ಬುದ್ಧಿಯನ್ನು ಅಳೆಯಲು ಹೊರಡಬಾರದು. ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಾರೆ: ದೇಹವನ್ನು ಬುದ್ಧಿಯ ಸೇವಕನೆಂದೋ ಶತ್ರುವೆಂದೋ ಕಲ್ಪಿಸಿ, ಅದಕ್ಕೆ ಸ್ವತಂತ್ರವಾದ ಗೌರವವನ್ನು ನಿರಾಕರಿಸುತ್ತಾರೆ.

ಹೂಟಗಳ್ಳಿಯ ತರುಣರು ಓಡಲಿ, ಸಾಮು ಮಾಡಲಿ. ಅದರ ನೇರವಾದ ಫಲವಾದ ಆರೋಗ್ಯವೇ ಸಾಕಷ್ಟು ದೊಡ್ಡದು. ಆದರೆ ನಿದ್ದೆಯನ್ನು ಕತ್ತರಿಸಿ ಬೆವರನ್ನು ಹೆಚ್ಚಿಸಿದರೆ ಬುದ್ಧಿ ಬೆಳೆಯುವುದೆಂದು ಅವರಿಗೆ ಹೇಳುವುದು ಅಪಚಾರ. ಪಾಳಿಯ ಬಳಿಕ ಒಂದು ಗಂಟೆ ಮಾತ್ರ ಉಳಿದಿರುವ ಹುಡುಗನು ಆ ಗಂಟೆಯನ್ನು ನಿದ್ದೆಗೆ ಕೊಡತಕ್ಕದ್ದೆಂದೂ, ನಿತ್ಯವೂ ಸ್ವಲ್ಪ ವ್ಯಾಯಾಮಕ್ಕೆ ಎಡೆಯುಳ್ಳ ದುಡಿಮೆಯ ವೇಳೆಯನ್ನು ಅವನಿಗೆ ಒದಗಿಸುವುದು ಅವನನ್ನು ದುಡಿಸಿಕೊಳ್ಳುವವರ ಕರ್ತವ್ಯವೆಂದೂ ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.