ಸ್ಕ್ಯಾನ್‌ನಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ

ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದರೆ ನೋವು ಕಾಲಿನವರೆಗೂ ಇಳಿಯುತ್ತದೆ ಎಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಸೊಂಟನೋವಿನ ಮೂಲವನ್ನು ಡಿಸ್ಕಿನಲ್ಲೇ ಹುಡುಕುವುದು ರೂಢಿಯಾಯಿತು. ಎಂಆರ್‌ಐ ಬಂದ ಮೇಲಂತೂ ಹುಡುಕಿದವರಿಗೆಲ್ಲ ಏನಾದರೊಂದು ಸಿಗತೊಡಗಿತು. ನೋವೇ ಇಲ್ಲದವರ ಬೆನ್ನಿನಲ್ಲಿ ಏನು ಕಾಣುತ್ತದೆ ಎಂದು ಕೇಳದೆ ಇದನ್ನೆಲ್ಲ ಕಾರಣವೆಂದು ಕರೆಯುವಂತಿಲ್ಲ. 1994ರಲ್ಲಿ ಜೆನ್ಸನ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಎತ್ತಿಕೊಂಡ ರೀತಿ ಇಂದಿಗೂ ಮಾದರಿಯಾಗಿ ನಿಲ್ಲುತ್ತದೆ. ಬೆನ್ನುನೋವಿಲ್ಲದ 98 ಮಂದಿಯ ಸ್ಕ್ಯಾನ್‌ಗಳ ನಡುವೆ ನೋವಿದ್ದ 27 ಮಂದಿಯ ಸ್ಕ್ಯಾನ್‌ಗಳನ್ನು ಬೆರೆಸಿ, ಯಾವುದು ಯಾರದೆಂದು ತಿಳಿಸದೆ ಇಬ್ಬರು ತಜ್ಞರಿಂದ ಬೇರೆಬೇರೆಯಾಗಿ ಓದಿಸಿದರು. ನೋವಿಲ್ಲದವರಲ್ಲಿ ಶೇ. 52ರಷ್ಟು ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇ. 36 ಮಾತ್ರ. 2015ರಲ್ಲಿ ಬ್ರಿಂಜಿಕ್ಜಿ ತಂಡ ನೋವಿಲ್ಲದ 3,110 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಡಿಸ್ಕ್ ಸವೆತ ಇಪ್ಪತ್ತರ ವಯಸ್ಸಿನವರಲ್ಲಿ ಶೇ. 37, ಎಂಬತ್ತರವರಲ್ಲಿ ಶೇ. 96 ಎಂದು ತಿಳಿಯಿತು. ಹಾಗಿರುವಾಗ ‘ಡಿಸ್ಕ್ ಸವೆದಿದೆ’ ಎಂಬ ವರದಿಯೊಂದನ್ನೇ ನಂಬಿ ರೋಗಿಯನ್ನು ಹೆದರಿಸುವುದು ಅವೈಜ್ಞಾನಿಕ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಜೆನ್ಸನ್ ಅಧ್ಯಯನದಲ್ಲೇ, ಡಿಸ್ಕಿನ ಒಳಭಾಗ ಪೂರ್ತಿ ಹೊರಬಂದ ಸ್ಥಿತಿ ನೋವಿಲ್ಲದವರಲ್ಲಿ ಶೇ. 1ರಷ್ಟು ಮಾತ್ರ ಕಂಡಿತ್ತು. ಬ್ರಿಂಜಿಕ್ಜಿ ತಂಡವೇ ಅದೇ ವರ್ಷ ಪ್ರಕಟಿಸಿದ ಇನ್ನೊಂದು ಲೇಖನ, ಐವತ್ತರೊಳಗಿನವರಲ್ಲಿ ಸವೆತವೂ ಉಬ್ಬೂ ನೋವಿದ್ದವರಲ್ಲೇ ಹೆಚ್ಚು ಎಂದು ತೋರಿಸಿತು. ಆದ್ದರಿಂದ ಸ್ಕ್ಯಾನ್ ಏನನ್ನೂ ಹೇಳುವುದಿಲ್ಲ ಎನ್ನುವವರು ಕೂಡ ಈ ಸಂಶೋಧನೆಯನ್ನು ತಪ್ಪಾಗಿ ಓದುತ್ತಿದ್ದಾರೆ. ಆದರೆ ಗುಂಪಿನಲ್ಲಿ ಕಾಣುವ ಸಂಬಂಧದಿಂದ ಎದುರಿಗೆ ಕೂತ ಒಬ್ಬ ರೋಗಿಯ ನೋವಿಗೆ ಇದೇ ಕಾರಣವೆಂದು ತೀರ್ಮಾನಿಸಲಾಗದು. ಕಾಲಿಗೆ ಬಲ ಕುಂದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಜ್ವರವೋ ತೂಕ ಇಳಿಕೆಯೋ ಜೊತೆಗಿದ್ದರೆ ಸ್ಕ್ಯಾನ್ ತಡಮಾಡಬಾರದು. ಬೆನ್ನುಮೂಳೆಯ ಕ್ಷಯ ಇನ್ನೂ ಉಳಿದಿರುವ ನಮ್ಮ ದೇಶದಲ್ಲಿ ಈ ಮಾತನ್ನು ಒತ್ತಿಯೇ ಹೇಳಬೇಕು. ಅಂಥ ಲಕ್ಷಣಗಳಿಲ್ಲದವರಿಗೆ ಮೊದಲ ವಾರದಲ್ಲೇ ಎಂಆರ್‌ಐ ಬರೆದುಕೊಡುವ ಅಭ್ಯಾಸಕ್ಕೆ ಮಾತ್ರ ನನ್ನ ವಿರೋಧ.

ಸ್ಕ್ಯಾನ್ ಮಾಡಿಸಿದರೆ ಮನಸ್ಸಿಗಾದರೂ ಸಮಾಧಾನವಲ್ಲವೇ ಎಂದು ಕೇಳಬಹುದು. ಹೌದು, ಅದಕ್ಕೂ ಪುರಾವೆಯಿದೆ. ಅಮೆರಿಕದ ಜಾರ್ವಿಕ್ ತಂಡ 2003ರಲ್ಲಿ 380 ರೋಗಿಗಳನ್ನು ಎಂಆರ್‌ಐ ಮತ್ತು ಸಾಮಾನ್ಯ ಎಕ್ಸ್‌ರೇ ಎಂದು ಚೀಟಿ ಎತ್ತಿದಂತೆ ಹಂಚಿತ್ತು. ಎಂಆರ್‌ಐ ಗುಂಪಿನಲ್ಲಿ ಶೇ. 74, ಎಕ್ಸ್‌ರೇ ಗುಂಪಿನಲ್ಲಿ ಶೇ. 58 ಜನ ಧೈರ್ಯ ಬಂತೆಂದರು. ಆದರೆ ವರ್ಷದ ಕೊನೆಗೆ ಓಡಾಟ, ಕೆಲಸಗಳಲ್ಲಿ ಎರಡೂ ಗುಂಪುಗಳ ತೊಂದರೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಬೆನ್ನಿನ ಶಸ್ತ್ರಚಿಕಿತ್ಸೆ ಮೊದಲ ಗುಂಪಿನಲ್ಲಿ 10 ಮಂದಿಗೆ, ಎರಡನೆಯದರಲ್ಲಿ 4 ಮಂದಿಗೆ ನಡೆದಿತ್ತು. ಇಷ್ಟು ಸಣ್ಣ ಅಂಕಿಯಲ್ಲಿ ಆಕಸ್ಮಿಕದ ಪಾಲೂ ಇರಬಹುದು, ನಿಜ. ಆದರೂ ಫಲಿತಾಂಶ ಸುಧಾರಿಸದೆ ಶಸ್ತ್ರಚಿಕಿತ್ಸೆ ಹೆಚ್ಚುವ ಸಾಧ್ಯತೆಯನ್ನು ಕಡೆಗಣಿಸಲು ನನಗೆ ಮನಸ್ಸಾಗದು.

ಪರಿಹಾರ ಸುಲಭವೆಂದು ಹಲವರು ಅಂದುಕೊಂಡಿದ್ದರು: ಇಂಥ ಬದಲಾವಣೆ ನೋವಿಲ್ಲದವರಲ್ಲೂ ಇಷ್ಟು ಪ್ರಮಾಣದಲ್ಲಿ ಇರುತ್ತದೆ ಎಂದು ವರದಿಯಲ್ಲೇ ಬರೆದುಬಿಟ್ಟರಾಯಿತು. ಜಾರ್ವಿಕ್ ನೇತೃತ್ವದಲ್ಲೇ 98 ಚಿಕಿತ್ಸಾಲಯಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳ ಮಟ್ಟಿಗೆ ಇದನ್ನು ಪರೀಕ್ಷಿಸಲಾಯಿತು. ಫಲಿತಾಂಶ 2020ರಲ್ಲಿ ಬಂತು. ಬೆನ್ನಿನ ಚಿಕಿತ್ಸೆಯ ಒಟ್ಟು ಬಳಕೆ ಇಳಿಯಲಿಲ್ಲ, ಓಪಿಯಾಯ್ಡ್ ನೋವುನಿವಾರಕಗಳ ಬಳಕೆ ತುಸುವಷ್ಟೇ ತಗ್ಗಿತು. ಇಷ್ಟು ದೊಡ್ಡ ಪ್ರಯೋಗದ ಈ ನಿರಾಶೆಯನ್ನು ನಾನು ಅಮೂಲ್ಯವೆಂದೇ ಎಣಿಸುತ್ತೇನೆ. ವರದಿಯ ಆ ಸಾಲು ಓದಲು ಸಿಗುವ ಹೊತ್ತಿಗೆ ಸ್ಕ್ಯಾನ್ ಮುಗಿದಿರುತ್ತದೆ. ಮುಂದಿನ ಪ್ರಯೋಗಗಳು ಅದಕ್ಕೂ ಹಿಂದಿನ ಗಳಿಗೆಗೆ ಹೋಗಬೇಕು: ವೈದ್ಯರು ರೋಗಿಯ ಮಾತು ಕೇಳಿ, ಮುಟ್ಟಿ ಪರೀಕ್ಷಿಸಿ, ನಡೆದಾಡಿ ಎಂದು ವಿವರಿಸಿ ಹೇಳುವಷ್ಟು ಸಮಯ ಕೊಟ್ಟರೆ ಸ್ಕ್ಯಾನ್‌ನ ಬೇಡಿಕೆ ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆಯಬೇಕು.